ಕಂಪನಿಗೆ ನಿಮ್ಮ ನಂಬರು ಸಿಕ್ಕಿದ್ದು ಎಲ್ಲಿಂದ?

ವೈದ್ಯಕೀಯ ದಾಖಲೆಗಳ ಬಗ್ಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ, ಊರು ಮಾತ್ರ ಬೇರೆ: ಡಾಕ್ಟರು ನಮ್ಮ ಮಾಹಿತಿಯನ್ನು ಔಷಧ ಕಂಪನಿಗೆ ಮಾರಿದರೇ? ಪದೇ ಪದೇ ಒಂದೊಂದು ಸಾಲಿನ ಉತ್ತರ ಬರೆದು ಸಾಕಾಗಿದೆ. ಈ ಸಲ ಜಾಗವೆಲ್ಲ ಬಹುತೇಕ ಅದಕ್ಕೇ.

ಅವ್ವಗ ಶುಗರ್ ಐತಿ ಅಂತ ಗೊತ್ತಾಗಿ ಎಂಟು ದಿನ ಆಗಿಲ್ಲ, ನನ್ನ ಮೊಬೈಲಿಗೆ ಫೋನ್ ಬರಾಕತ್ತಾವ. ಒಬ್ಬರು ಇನ್ಸುಲಿನ್ ಪೆನ್ನು ಹೆಂಗ ಚುಚ್ಚೋದು ಕಲಿಸ್ತೀವಿ ಅಂತಾರ, ಇನ್ನೊಬ್ಬರು ಶುಗರ್ ಬುಡಸಮೇತ ತೆಗೀತೀವಿ ಅಂತಾರ. ಆವತ್ತು ಡಾಕ್ಟರ ಕೋಣೆಯೊಳಗ ಔಷಧ ಕಂಪನಿ ಎಂಆರ್ ಕುಂತಿದ್ದ. ಫೈಲ್ ನೋಡಿ ನಂಬರು ಬರಕೊಂಡು ಹೋದನೇನು?
— ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಎಂಆರ್ ಮೇಲಿನ ಸಂಶಯ ಬಿಡಿ. ಅವನಿಗೆ ಬೇಕಾದದ್ದು ಡಾಕ್ಟರ ಲೆಕ್ಕ. ನಿಮ್ಮ ಅವ್ವನ ಹೆಸರು ಕಟ್ಟಿಕೊಂಡು ಅವನಿಗೇನೂ ಆಗಬೇಕಿಲ್ಲ. ಆ ಲೆಕ್ಕವೂ ಸಿಗುವುದು ಎದುರಿನ ಮೆಡಿಕಲ್ ಅಂಗಡಿಯಲ್ಲಿ. ಅವರ ಭಾಷೆಯಲ್ಲಿ ಇದಕ್ಕೆ ಆರ್‌ಸಿಪಿಎ ಎನ್ನುತ್ತಾರೆ. ಗಿರಾಕಿ ಕಡಿಮೆ ಇದ್ದಾಗ ಕೌಂಟರಿಗೆ ಆತು ನಿಂತು, "ಸಾಹೇಬ್ರು ನಮ್ದು ಎಷ್ಟು ಬರದಾರ್ರೀ, ಆ ಕಂಪನೀದು ಎಷ್ಟು?" ಎಂದು ಕೇಳಿ ತುಂಬಿಕೊಳ್ಳುತ್ತಾನೆ: ಡಾಕ್ಟರ ಹೆಸರು, ತನ್ನ ಬ್ರ್ಯಾಂಡು, ಎದುರಾಳಿ ಬ್ರ್ಯಾಂಡು, ಎಷ್ಟು ಸ್ಟ್ರಿಪ್. ರೋಗಿಯ ಹೆಸರಿಗೆ ಅಲ್ಲಿ ಜಾಗವಿಲ್ಲ. ಇದೇ ಥರದ ಮಾರಾಟದ ಲೆಕ್ಕವನ್ನು ದೇಶದ ಮಟ್ಟದಲ್ಲಿ ಜೋಡಿಸಿ ಮಾರುವ ಐಕ್ಯೂವಿಯಾದಂಥ ಕಂಪನಿಗಳೂ ಇವೆ. ಇನ್ನು ರೋಗಿ ಇರುವಾಗ ಎಂಆರ್‌ನನ್ನು ಒಳಗೆ ಕೂರಿಸಿಕೊಳ್ಳುವುದು ಡಾಕ್ಟರ ತಪ್ಪೇ. "ಅವರು ಸ್ವಲ್ಪ ಹೊರಗ ಇರಲ್ರೀ ಸರ್" ಎನ್ನಲು ಸಂಕೋಚ ಬೇಡ. ಆದರೆ ನಂಬರು ಹೋದ ದಾರಿ ಬೇರೆ.

ಪೆನ್ನಿನವರ ಫೋನ್ ಬಂದಿದ್ದರೆ ಮೊದಲು ನೋಡಬೇಕಾದ್ದು ಫಾರ್ಮು. ಇನ್ಸುಲಿನ್ ಪೆನ್ನು, ಕ್ಯಾನ್ಸರ್ ಮಾತ್ರೆ, ದುಬಾರಿ ಇಂಜೆಕ್ಷನ್ ಇವುಗಳ ಜೊತೆ ಕಂಪನಿಯ 'ಪೇಶಂಟ್ ಸಪೋರ್ಟ್' ಎಂಬ ಯೋಜನೆ ಇರುತ್ತದೆ. ಕ್ಲಿನಿಕ್ಕಿನಲ್ಲಿ ಚುಚ್ಚುವುದನ್ನು ಕಲಿಸುವ ಹುಡುಗಿ ನರ್ಸ್ ಎಂದೇ ನೀವು ತಿಳಿದಿರುತ್ತೀರಿ. ಅನೇಕ ಕಡೆ ಅವಳ ಸಂಬಳ ಕಂಪನಿಯದು. ಅವಳು ಕೊಟ್ಟ ಹಾಳೆಗೆ ಸಹಿ ಹಾಕಿದ್ದು ನೀವೇ. ಕೆಳಗಿನ ಸಣ್ಣ ಅಕ್ಷರಗಳಲ್ಲಿ ಸಾಮಾನ್ಯವಾಗಿ ಎರಡು ಬೇರೆ ಒಪ್ಪಿಗೆಗಳಿರುತ್ತವೆ: ತರಬೇತಿಗೆ ಫೋನ್ ಮಾಡಲು ಒಂದು, ಸಹಸಂಸ್ಥೆಗಳ ಜೊತೆ ಹಂಚಿಕೊಂಡು ಪ್ರಚಾರದ ಮೆಸೇಜ್ ಕಳಿಸಲು ಇನ್ನೊಂದು. ಮೊದಲನೆಯದು ಉಪಯೋಗಕ್ಕೆ ಬರುತ್ತದೆ, ಇರಲಿ. ಎರಡನೆಯದನ್ನು ಪೆನ್ನಿನಿಂದ ಹೊಡೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ, ಹಾಳೆಯ ಫೋಟೊ ತೆಗೆದಿಟ್ಟುಕೊಳ್ಳಿ. ಉಚಿತ ಸ್ಟ್ರಿಪ್ ಯೋಜನೆಗೆ ಗುರುತಿನ ಚೀಟಿ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಝೆರಾಕ್ಸ್ ಮೇಲೆ ಅಡ್ಡಲಾಗಿ 'ಈ ಯೋಜನೆಗೆ ಮಾತ್ರ' ಎಂದು ದಿನಾಂಕ ಸಹಿತ ಬರೆಯಿರಿ.

ಎರಡನೆಯ ದಾರಿ ಉಚಿತ ಕ್ಯಾಂಪು. ಎಲುಬಿನ ಗಟ್ಟಿತನ, ಪುಪ್ಪುಸದ ಊದು ಪರೀಕ್ಷೆ, ಪಾದದ ನರ ಪರೀಕ್ಷೆ: ಯಂತ್ರವನ್ನು ಕಂಪನಿ ತರುತ್ತದೆ, ಮೇಜಿನ ಮೇಲೆ ಹಾಳೆ ಇರುತ್ತದೆ. ಹೆಸರು, ವಯಸ್ಸು, ಮೊಬೈಲ್, ರೀಡಿಂಗ್. ನಿಮ್ಮ ಹಿಂದೆ ನಿಂತವರು ನಿಮ್ಮ ರೀಡಿಂಗ್ ಓದಬಹುದು. ಕ್ಯಾಂಪ್ ನಡೆದದ್ದಕ್ಕೆ ಸಾಕ್ಷಿಯೆಂದು ಆ ಹಾಳೆಯ ಫೋಟೊ ವಾಟ್ಸಾಪಿನಲ್ಲಿ ಮೇಲಿನವರಿಗೆ ಹೋಗುವುದೂ ಉಂಟು. ರೀಡಿಂಗನ್ನು ನಿಮ್ಮ ಚೀಟಿ ಮೇಲೆ ಬರೆಸಿಕೊಳ್ಳಿ, ಮೊಬೈಲ್ ಕಾಲಮ್ ಖಾಲಿ ಬಿಡಿ. ಹಿಮ್ಮಡಿ ಇಟ್ಟು ನೋಡುವ ಯಂತ್ರದ ಅಂಕಿಯೊಂದನ್ನೇ ನಂಬಿ ಎಲುಬಿನ ಔಷಧಿ ಶುರು ಮಾಡಬೇಡಿ. ಅದಕ್ಕೆ ಡೆಕ್ಸಾ ಸ್ಕ್ಯಾನ್ ಬೇಕು.

ಮೂರನೆಯದು ಬಿಲ್ ಕೌಂಟರು. ರಿಯಾಯಿತಿ ಕಾರ್ಡಿಗೆ, ರಿಪೋರ್ಟಿನ ಲಿಂಕಿಗೆ, ಔಷಧಿ ಆಪಿಗೆ ಎಂದು ನಂಬರು ಹೇಳುತ್ತಲೇ ಹೋಗುತ್ತೀರಿ. ಮೆಡಿಕಲ್‌ನವರು "ಕಾನೂನು ಐತ್ರೀ, ನಂಬರ್ ಬೇಕs ಬೇಕು" ಎಂದರೆ ಒಪ್ಪಬೇಡಿ. ಎಚ್1 ಎಂಬ ಬಿಗಿ ನಿಗಾ ಪಟ್ಟಿಯ ಔಷಧಿಗಳಿಗೆ ಅವರು ಪ್ರತ್ಯೇಕ ರಿಜಿಸ್ಟರ್ ಇಟ್ಟು 3 ವರ್ಷ ಕಾಯಬೇಕು, ನಿಜ. ಅದರಲ್ಲಿ ಬರೆಯಬೇಕಾದ್ದು ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ, ಪ್ರಮಾಣ. ಮೊಬೈಲ್ ನಂಬರಿನ ಮಾತೇ ಇಲ್ಲ.

'ಬುಡಸಮೇತ' ಎಂದವರು ಔಷಧ ಕಂಪನಿಯವರೇ ಅಲ್ಲ. ಎಲ್ಲೆಲ್ಲೋ ಸಿಕ್ಕ ನಂಬರಿನ ಪಟ್ಟಿ ಹಿಡಿದು ಪುಡಿ ಮಾರುವವರು. 'ಉಚಿತ ಸಲಹೆಗೆ ಹೆಸರು, ನಂಬರು ತುಂಬಿ' ಎಂಬ ಫೇಸ್‌ಬುಕ್ ಜಾಹೀರಾತಿಗೆ ಮನೆಯಲ್ಲಿ ಯಾರಾದರೂ ಬೆರಳು ಒತ್ತಿದ್ದಾರೆಯೇ ವಿಚಾರಿಸಿ. ಮಧುಮೇಹ ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯೇ ನಿಷೇಧಿಸಿದೆ. ಆ ಪುಡಿ ನಂಬಿ ಇನ್ಸುಲಿನ್ ಬಿಟ್ಟವರು ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಿಸಿಕೊಂಡು ಐಸಿಯು ಸೇರುತ್ತಾರೆ. ಇಂಥವರ ಜೊತೆ ವಾದಕ್ಕೂ ನಿಲ್ಲಬೇಡಿ, ಕಟ್ ಮಾಡಿ.

ಈಗ ಮಾಡಬೇಕಾದ್ದು. ಪೆನ್ನಿನವರು ಮತ್ತೆ ಫೋನ್ ಮಾಡಿದಾಗ ಅವ್ವನ ಹೆಸರು, ಔಷಧಿ, ಡೋಸು ಯಾವುದಕ್ಕೂ ಹೂಂಗುಟ್ಟಬೇಡಿ. ಕಂಪನಿಯ ಪೂರ್ತಿ ಹೆಸರು, ನಂಬರು ಎಲ್ಲಿಂದ ಸಿಕ್ಕಿತು, ದೂರು ಅಧಿಕಾರಿಯ ಇಮೇಲ್ ಏನು, ಇಷ್ಟು ಕೇಳಿ. ಆ ಇಮೇಲಿಗೆ ನಾಲ್ಕು ಸಾಲು ಸಾಕು: ಒಪ್ಪಿಗೆ ಹಿಂಪಡೆದಿದ್ದೇನೆ, ನಂಬರು ಅಳಿಸಿ, ಮೂಲ ತಿಳಿಸಿ, ಯಾರಿಗೆಲ್ಲ ಕೊಟ್ಟಿದ್ದೀರಿ ಹೇಳಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿಯ 2011ರ ನಿಯಮಗಳಲ್ಲಿ ವೈದ್ಯಕೀಯ ದಾಖಲೆ 'ಸೂಕ್ಷ್ಮ ಮಾಹಿತಿ'. ಕೊಟ್ಟ ಒಪ್ಪಿಗೆಯನ್ನು ಬರೆದು ಹಿಂಪಡೆಯಬಹುದು, ದೂರು ಅಧಿಕಾರಿ ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ವೈಯಕ್ತಿಕ ಮಾಹಿತಿ ರಕ್ಷಣೆಯ 2023ರ ಡೇಟಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಬಂದಿವೆ, ಆದರೆ ಮುಖ್ಯ ಕಲಮುಗಳಿಗೆ 18 ತಿಂಗಳ ಕಾಲಾವಕಾಶವಿದೆ, ಅಂದರೆ 2027ರ ಮೇ. ₹250 ಕೋಟಿವರೆಗೆ ದಂಡ ಎಂದು ಓದಿ ಖುಷಿಪಟ್ಟವರಿಗೆ: ಆ ದಂಡ ಸರ್ಕಾರದ ಬೊಕ್ಕಸಕ್ಕೆ, ನಿಮಗೆ ಚಿಕ್ಕಾಸೂ ಬರುವುದಿಲ್ಲ.

ಪ್ರಚಾರದ ಕರೆ ಬಂದರೆ 1909 ನಂಬರಿಗೆ ದೂರು ಕೊಡಬಹುದು, 7 ದಿನದೊಳಗೆ. ಕ್ಲಿನಿಕ್ಕೇ ಮಾಹಿತಿ ಕೊಟ್ಟಿದೆ ಎಂಬುದಕ್ಕೆ ಆಧಾರವಿದ್ದರೆ ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳ ಮೇಲಿನ ಕೆಪಿಎಂಇ ಕಾಯ್ದೆಯ ಜಿಲ್ಲಾ ಪ್ರಾಧಿಕಾರಕ್ಕೆ ಹೋಗಿ. ಜಿಲ್ಲಾಧಿಕಾರಿ ಅಧ್ಯಕ್ಷರು, ಅರ್ಜಿ ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಕಚೇರಿಯಲ್ಲಿ ಕೊಡಿ. ಡಾಕ್ಟರ ವಿರುದ್ಧವಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತು. ಫಾರ್ಮಿನ ಫೋಟೊ, ಕರೆ ಬಂದ ದಿನ, ವೇಳೆ, ಸ್ಕ್ರೀನ್‌ಶಾಟ್ ಜೊತೆಗಿರಲಿ. 'ಅವರೇ ಕೊಟ್ಟಿರಬೇಕು' ಎಂಬ ಅರ್ಜಿ ಫೈಲು ಸೇರಿ ಮಲಗುತ್ತದೆ.

ಮುಂದೆ ಸೋರಿಕೆ ಹಿಡಿಯಬೇಕೆಂದರೆ ರಿಯಾಯಿತಿ ಕಾರ್ಡು, ಆಪು, ಕ್ಯಾಂಪುಗಳಲ್ಲಿ ಒಂದೊಂದು ಕಡೆ ಒಂದೊಂದು ಇನಿಶಿಯಲ್ ಬರೆಸಿ. ಕರೆ ಮಾಡಿದವರು ಯಾವ ಇನಿಶಿಯಲ್ ಹೇಳುತ್ತಾರೋ ನಂಬರು ಹೋಗಿದ್ದು ಅಲ್ಲಿಂದ. ಆದರೆ ಈ ಜಾಣತನ ಚೀಟಿ, ಲ್ಯಾಬ್ ರಿಪೋರ್ಟು, ದವಾಖಾನೆ ದಾಖಲಾತಿಯಲ್ಲಿ ಮಾತ್ರ ಬೇಡ. ಹೆಸರು ತಾಳೆಯಾಗದೆ ವಿಮೆ ಹಣ ನಿಂತರೆ ವರ್ಷಗಟ್ಟಲೆ ಓಡಾಟ.

ಆಭಾ ಕಾರ್ಡ್ ಮಾಡಿಸಿದರೆ ನಮ್ಮ ರಿಪೋರ್ಟೆಲ್ಲ ಕಂಪನಿಗಳ ಪಾಲಂತೆ, ಹೌದೇ? — ಗದಗ-ಬೆಟಗೇರಿ

ಇಲ್ಲ. ಆಭಾ ಎಂಬುದು ಸರ್ಕಾರದ ಡಿಜಿಟಲ್ ಆರೋಗ್ಯ ಗುರುತು ಅಷ್ಟೇ. ರಿಪೋರ್ಟು ಅದನ್ನು ಮಾಡಿದ ಆಸ್ಪತ್ರೆ, ಲ್ಯಾಬಿನಲ್ಲೇ ಇರುತ್ತದೆ. ನೀವು ಆಪಿನಲ್ಲಿ ಒಪ್ಪಿದರಷ್ಟೇ ಬೇರೆಯವರಿಗೆ ಕಾಣುತ್ತದೆ, ಕೊಟ್ಟ ಒಪ್ಪಿಗೆ ರದ್ದು ಮಾಡಬಹುದು. ಓಪಿಡಿ ಸರದಿಯಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಹೋಗುವುದು ಹೆಸರು, ವಯಸ್ಸು, ಮೊಬೈಲಿನಂಥ ಪರಿಚಯದ ವಿವರ. ಕಾರ್ಡು ಕಡ್ಡಾಯವಲ್ಲ. ಗೊತ್ತಿಲ್ಲದ ಮನವಿಗೆ ಪಿನ್ ಒತ್ತಬೇಡಿ.

ಕೇಸ್ ಶೀಟ್ ದವಾಖಾನಿ ಆಸ್ತಿ, ಕೊಡಂಗಿಲ್ಲ ಅಂತಾರ. — ರಾಣೆಬೆನ್ನೂರು

ಮೂಲ ಪ್ರತಿ ಅವರಲ್ಲಿ ಇರಲಿ, ನಕಲು ಕೊಡಲೇಬೇಕು. ಬಾಯಿಮಾತಿನಲ್ಲಿ ಕೇಳಬೇಡಿ, ಅರ್ಜಿ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. 2002ರ ವೈದ್ಯ ನಡಾವಳಿ ನಿಯಮದ ಪ್ರಕಾರ ಗಡುವು 72 ಗಂಟೆ. ಒಳರೋಗಿಯ ದಾಖಲೆ ಕಾಯಬೇಕಾದದ್ದು ಚಿಕಿತ್ಸೆ ಶುರುವಾದಾಗಿನಿಂದ 3 ವರ್ಷ, ತಡಮಾಡಬೇಡಿ.

ಕ್ಷಯದ ಮಾತ್ರೆ ತಂದ ಮೇಲೆ ಆರೋಗ್ಯ ಕಾರ್ಯಕರ್ತೆ ಮನೆಗೆ ಬಂದರು. ಅಂಗಡಿಯವರ ಮೇಲೆ ಕೇಸ್ ಹಾಕಬಹುದೇ? — ಬ್ಯಾಡಗಿ

ಹಾಕಲಾಗದು. ಕ್ಷಯ 2012ರಿಂದ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ, 2018ರಿಂದ ಔಷಧ ಅಂಗಡಿಗಳಿಗೂ ಆ ಹೊಣೆ ಇದೆ. ಬಂದವರ ಹತ್ತಿರ ಪೌಷ್ಟಿಕ ಆಹಾರದ ತಿಂಗಳ ₹1,000ಕ್ಕೆ ಬ್ಯಾಂಕ್ ವಿವರ ಬರೆಸಿ, ಮಾತ್ರೆ ಮುಗಿಸಿ.

ಸಂಬಂಧ ಬಂದ ಹುಡುಗನ ಮಾನಸಿಕ ಚಿಕಿತ್ಸೆಯ ಫೈಲ್ ಆರ್‌ಟಿಐ ಹಾಕಿ ತೆಗೆಸಬಹುದೇ? — ಧಾರವಾಡ

ಆಗದು, ಇಂಥ ಪತ್ರ ಇನ್ನೊಮ್ಮೆ ಬರೆಯಬೇಡಿ.

ಚೀಟಿ ಫೋಟೊ ವಾಟ್ಸಾಪ್ ಮಾಡಿದರೆ ಮೆಡಿಕಲ್‌ನವರು ಮನೆಗೇ ಔಷಧಿ ಕಳಿಸುತ್ತಾರೆ. ಅಪಾಯವೇ? — ಹಾವೇರಿ

ಅಂಗಡಿಯ ಫೋನು ಕೆಲಸದ ಹುಡುಗರೆಲ್ಲರ ಕೈಯಲ್ಲಿ ಇರುತ್ತದೆ, ಅದೇ ತೊಂದರೆ. ಡಾಕ್ಟರ ಹೆಸರು, ನೋಂದಣಿ ಸಂಖ್ಯೆ, ದಿನಾಂಕ, ರೋಗಿಯ ಹೆಸರು, ಔಷಧಿ, ಡೋಸು ಕಾಣಲಿ. ರೋಗದ ಹೆಸರು ಬರೆದ ಸಾಲಿನ ಮೇಲೆ ಕಾಗದದ ತುಂಡು ಇಟ್ಟು ಫೋಟೊ ತೆಗೆಯಿರಿ. ಔಷಧಿ ಕೈಗೆ ಬಂದ ದಿನವೇ 'ಎಲ್ಲರಿಗೂ ಅಳಿಸು' ಒತ್ತಿ. ಗ್ಯಾಲರಿಯಲ್ಲಿ ಉಳಿದಿದ್ದರೆ ಅಂಗಡಿಗೆ ಹೋದಾಗ ಎದುರಿಗೇ ಅಳಿಸಲು ಹೇಳಿ.