ಬಾಂದೋಲ್ ಕೆಂಪು ವೈನ್‌ಗೆ ಯಾವ ಊಟ?

ದಕ್ಷಿಣ ಫ್ರಾನ್ಸ್‌ನ ಪ್ರೊವಾನ್ಸ್ ಪ್ರದೇಶದ ಬಾಂದೋಲ್ ಕೆಂಪು ವೈನನ್ನು ಮೀನಿನ ಜೊತೆ ಕುಡಿಯಬಹುದಾ ಅಂತ ಕೇಳಿದ್ದೀರಿ. ಬೇಡ, ಮೀನಿನ ರುಚಿಯೇ ಗೊತ್ತಾಗುವುದಿಲ್ಲ. ಇದರಲ್ಲಿ ಕನಿಷ್ಠ ಅರ್ಧದಷ್ಟು ಮೂರ್ವೆದ್ರ್ ದ್ರಾಕ್ಷಿ ಇರಲೇಬೇಕು, ಮರದ ಪೀಪಾಯಿಯಲ್ಲಿ 18 ತಿಂಗಳು ಇಡಲೇಬೇಕು. ಮೂರ್ವೆದ್ರ್ ಸಿಪ್ಪೆ ದಪ್ಪ, ಹಾಗಾಗಿ ಒಗರು ಜಾಸ್ತಿ. ಅದಕ್ಕೆ ಕೊಬ್ಬಿರುವ ಮಾಂಸವೇ ಸರಿ.

ನನ್ನ ಮೊದಲ ಆಯ್ಕೆ ಪ್ರೊವಾನ್ಸ್‌ನವರ ದೋಬ್. ದನದ ಮಾಂಸಕ್ಕೆ ಕೆಂಪು ವೈನ್, ಬೆಳ್ಳುಳ್ಳಿ, ಕಿತ್ತಳೆ ಸಿಪ್ಪೆ ಹಾಕಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಆ ಗಟ್ಟಿ ರಸದ ಜೊತೆ ವೈನಿನ ಒಗರು ಎಷ್ಟು ಮೆತ್ತಗಾಗುತ್ತದೆ ನೋಡಿ! ರೋಸ್ಮೆರಿ ಹಾಕಿ ಸುಟ್ಟ ಕುರಿಮರಿ ತೊಡೆಯೂ ಚೆನ್ನ. ಮಾಂಸ ತಿನ್ನದವರಿಗೆ ಅಣಬೆ, ಕಪ್ಪು ಆಲಿವ್ ಹಾಕಿದ ಅಡುಗೆ ಮಾಡಿ.

ಎಳೆಯ ಬಾಟಲಿಯಾದರೆ ಸುಮ್ನೆ ಕಾರ್ಕ್ ತೆಗೆದಿಟ್ಟರೆ ಸಾಲದು. ಊಟಕ್ಕೆ ಒಂದೆರಡು ಗಂಟೆ ಮೊದಲೇ ಅಗಲವಾದ ಜಗ್‌ಗೆ ಸುರಿದಿಡಿ.