ಕಂಪ್ಯೂಟರ್ ಪ್ರಶ್ನೋತ್ತರ: ಕರೆಯದೆ ಬರುವ ಜಾಹೀರಾತುಗಳು

ಪಾಪ್-ಅಪ್ ಜಾಹೀರಾತುಗಳ ಕಾಟದ ಬಗ್ಗೆ ಬಂದ ಪತ್ರಗಳಲ್ಲಿ ಆಯ್ದ ಕೆಲವಕ್ಕೆ ಈ ಸಂಚಿಕೆಯಲ್ಲಿ ಉತ್ತರ. ಕ್ಲೀನರ್ ಡೌನ್‌ಲೋಡ್ ಮಾಡುವ ಮೊದಲು ಜಾಹೀರಾತು ಎಲ್ಲಿಂದ ಬರುತ್ತಿದೆ ಎಂದು ನೋಡಿಕೊಳ್ಳಿ. ಬ್ರೌಸರ್‌ಗೆ ನೀವೇ ಕೊಟ್ಟ ಅನುಮತಿ, ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಂ), ವಿಂಡೋಸ್‌ನೊಳಗೆ ಸೇರಿಕೊಂಡ ಪ್ರೋಗ್ರಾಂ, ಮನೆಯ ರೂಟರ್ - ಮೂಲ ಯಾವುದೋ ಅದಕ್ಕೆ ತಕ್ಕ ಮದ್ದು.

ಪ್ರಶ್ನೆ: ಪರದೆಯ ಬಲಭಾಗದ ಕೆಳಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ’ ಎಂಬ ಚೌಕ ಪದೇ ಪದೇ ಏಳುತ್ತದೆ. ಆಂಟಿವೈರಸ್ ಸ್ಕ್ಯಾನ್ ಮಾಡಿದರೆ ಏನೂ ಇಲ್ಲ ಎನ್ನುತ್ತದೆ. ಯಾವುದನ್ನು ನಂಬಲಿ? (ಶಿರಸಿ)

ಆಂಟಿವೈರಸ್ಸನ್ನೇ ನಂಬಿ. ಆ ಚೌಕವನ್ನು ಹತ್ತಿರದಿಂದ ನೋಡಿ: ಸಣ್ಣ ಅಕ್ಷರದಲ್ಲಿ ಗೂಗಲ್ ಕ್ರೋಮ್ ಅಥವಾ ಮೈಕ್ರೋಸಾಫ್ಟ್ ಎಡ್ಜ್ ಎಂದಿರುತ್ತದೆ, ಜೊತೆಗೆ ಕೇಳರಿಯದ ಯಾವುದೋ ವೆಬ್‌ಸೈಟಿನ ವಿಳಾಸ. ಅದು ಬ್ರೌಸರ್ ನೋಟಿಫಿಕೇಶನ್. ಸಿನಿಮಾ ಅಥವಾ ಕ್ರಿಕೆಟ್ ಪುಕ್ಕಟೆ ತೋರಿಸುವ ತಾಣಗಳಲ್ಲಿ ‘ನೀವು ರೋಬೋಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ’ ಎಂದು ಬರುತ್ತದಲ್ಲ, ಅಲ್ಲಿ ಒತ್ತಿದ ಅಲೋ ನೋಟಿಫಿಕೇಶನ್ ಕಳಿಸಲು ಕೊಟ್ಟ ಪರವಾನಗಿ. ಕಂಪ್ಯೂಟರಿನೊಳಗೆ ಯಾವ ಪ್ರೋಗ್ರಾಂ ಕೂಡ ಬಂದಿಲ್ಲವಾದ್ದರಿಂದ ಸ್ಕ್ಯಾನ್‌ಗೆ ಸಿಗುವಂಥದ್ದೇನೂ ಇಲ್ಲ.

ಕ್ರೋಮ್‌ನಲ್ಲಿ ಮೂರು ಚುಕ್ಕಿ, ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ - ಈ ಕ್ರಮದಲ್ಲಿ ಹೋದರೆ ಅನುಮತಿ ಪಡೆದ ತಾಣಗಳ ಪಟ್ಟಿ ಸಿಗುತ್ತದೆ. ಗುರುತಿಲ್ಲದ ಪ್ರತಿ ಹೆಸರಿನ ಪಕ್ಕದ ಚುಕ್ಕಿಗಳನ್ನು ಒತ್ತಿ ‘ಬ್ಲಾಕ್’ ಆರಿಸಿ. ‘ರಿಮೂವ್’ ಮಾಡಿದರೆ ಆ ತಾಣ ಮುಂದಿನ ಸಲ ಮತ್ತೆ ಅನುಮತಿ ಕೇಳಬಹುದು, ಬ್ಲಾಕ್ ಮಾಡಿದರೆ ಕೇಳಲಾಗದು. ಅದೇ ಪುಟದಲ್ಲಿ, ಯಾವ ತಾಣವೂ ನೋಟಿಫಿಕೇಶನ್‌ಗೆ ಅನುಮತಿ ಕೇಳದಂತೆ ಮಾಡುವ ಆಯ್ಕೆಯೂ ಇದೆ. ಬಹಳಷ್ಟು ಮನೆಗಳಿಗೆ ಅದೇ ಒಳ್ಳೆಯದು.

ಒಂದೇ ಕ್ರೋಮ್‌ನಲ್ಲಿ ಅಪ್ಪನದೊಂದು, ಮಗಳದೊಂದು ಪ್ರೊಫೈಲ್ ಇದ್ದರೆ ಪಟ್ಟಿಯೂ ಬೇರೆ ಬೇರೆ. ಒಂದನ್ನು ಸ್ವಚ್ಛ ಮಾಡಿ ‘ಹೋಗಲೇ ಇಲ್ಲ’ ಎನ್ನುವವರು ಇನ್ನೊಂದನ್ನು ನೋಡಿರುವುದಿಲ್ಲ.

ಪ್ರಶ್ನೆ: ಗೂಗಲ್‌ನಲ್ಲಿ ಹುಡುಕಿದರೆ ಬೇರಾವುದೋ ಸರ್ಚ್ ಪುಟ ತೆರೆದು ಜಾಹೀರಾತು ತುಂಬಿಕೊಳ್ಳುತ್ತದೆ. ಒಂದು ಎಕ್ಸ್‌ಟೆನ್ಶನ್ ಮೇಲೆ ಅನುಮಾನ, ಆದರೆ ಅದಕ್ಕೆ ರಿಮೂವ್ ಬಟನ್ನೇ ಇಲ್ಲ. ಕ್ರೋಮ್ ಮೆನುವಿನ ಕೊನೆಯಲ್ಲಿ ‘ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್’ ಎಂದಿದೆ. ಇದು ಮನೆಯ ಕಂಪ್ಯೂಟರ್. (ದಾವಣಗೆರೆ)

ಕಚೇರಿಗಳು ತಮ್ಮ ಸಿಬ್ಬಂದಿಯ ಕಂಪ್ಯೂಟರಿನಲ್ಲಿ ಇಂಥ ಎಕ್ಸ್‌ಟೆನ್ಶನ್ ಇರಲೇಬೇಕು ಎಂದು ವಿಧಿಸಲು ಕ್ರೋಮ್‌ನಲ್ಲಿ ‘ಪಾಲಿಸಿ’ ಎಂಬ ಏರ್ಪಾಡಿದೆ. ಆಡ್‌ವೇರ್, ಅಂದರೆ ಜಾಹೀರಾತು ತೋರಿಸಲೆಂದೇ ಒಳನುಗ್ಗುವ ಪ್ರೋಗ್ರಾಂ, ಅದನ್ನೇ ಬಳಸಿಕೊಂಡು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ತನ್ನ ಎಕ್ಸ್‌ಟೆನ್ಶನ್ನಿನ ಹೆಸರು ಬರೆದಿಡುತ್ತದೆ. ಕಂಪನಿಯ ಆಜ್ಞೆ ಎಂದುಕೊಂಡ ಕ್ರೋಮ್ ರಿಮೂವ್ ಬಟನ್ ಕೊಡುವುದಿಲ್ಲ. ಕೆಲವು ಆಂಟಿವೈರಸ್‌ಗಳೂ ಪಾಲಿಸಿ ಬರೆಯುವುದರಿಂದ ಆ ಸಾಲು ಕಂಡ ಮಾತ್ರಕ್ಕೆ ಗಾಬರಿ ಬೇಡ. ಲ್ಯಾಪ್‌ಟಾಪ್ ನಿಜಕ್ಕೂ ಕಂಪನಿಯದಾದರೆ ಏನನ್ನೂ ಮುಟ್ಟದೆ ಐಟಿ ವಿಭಾಗಕ್ಕೆ ಹೇಳಿ.

ಮೊದಲು ಎಕ್ಸ್‌ಟೆನ್ಶನ್ ಪುಟದಲ್ಲಿ ‘ಡೆವಲಪರ್ ಮೋಡ್’ ಆನ್ ಮಾಡಿ. ಪ್ರತಿ ಎಕ್ಸ್‌ಟೆನ್ಶನ್ನಿನ ಕೆಳಗೆ 32 ಇಂಗ್ಲಿಷ್ ಅಕ್ಷರಗಳ ಒಂದು ಗುರುತು ಕಾಣುತ್ತದೆ. ಅನುಮಾನವಿರುವುದರ ಗುರುತನ್ನು ಬರೆದುಕೊಳ್ಳಿ.

ಎರಡನೆಯದಾಗಿ, ಅದನ್ನು ತಂದ ಪ್ರೋಗ್ರಾಂ ಹುಡುಕಿ. ಸೆಟ್ಟಿಂಗ್ಸ್, ಆ್ಯಪ್ಸ್, ಇನ್‌ಸ್ಟಾಲ್ಡ್ ಆ್ಯಪ್ಸ್‌ನಲ್ಲಿ ಪಟ್ಟಿಯನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ. ತೊಂದರೆ ಶುರುವಾದ ದಿನದ ಆಸುಪಾಸಿನಲ್ಲಿ ಪಿಡಿಎಫ್ ಕನ್ವರ್ಟರ್, ಡ್ರೈವರ್ ಅಪ್‌ಡೇಟರ್, ಕೂಪನ್ ಹುಡುಕುವ ಸಾಧನ ಎಂಬಂಥದ್ದೇನಾದರೂ ಬಂದಿದ್ದರೆ ಅನ್‌ಇನ್‌ಸ್ಟಾಲ್ ಮಾಡಿ. ಈ ಕೆಲಸ ಮುಗಿಯದೆ ಎಕ್ಸ್‌ಟೆನ್ಶನ್ ತೆಗೆದು ಪ್ರಯೋಜನವಿಲ್ಲ, ಮೂಲ ಪ್ರೋಗ್ರಾಂ ಅದನ್ನು ಮತ್ತೆ ತಂದು ಹಾಕುತ್ತದೆ.

ಮೂರನೆಯದು ಆಡ್‌ವೇರ್ ಹುಡುಕಿ ತೆಗೆಯುವ ಆಡ್‌ಡಬ್ಲ್ಯೂಕ್ಲೀನರ್. ಉಚಿತ, ಇನ್‌ಸ್ಟಾಲ್ ಬೇಕಿಲ್ಲ, ಫೈಲಿನ ಮೇಲೆ ಎರಡು ಸಲ ಒತ್ತಿದರೆ ಸಾಕು. 2016ರಿಂದ ಇದು ಮಾಲ್‌ವೇರ್‌ಬೈಟ್ಸ್ ಕಂಪನಿಯ ಕೈಯಲ್ಲಿದೆ, ಆದ್ದರಿಂದ ಅವರ ತಾಣದಿಂದಲೇ ಇಳಿಸಿಕೊಳ್ಳಿ. ಸರ್ಚ್‌ನಲ್ಲಿ ಮೇಲೆ ಬರುವ ಜಾಹೀರಾತಿನ ಕೊಂಡಿಗಳನ್ನು ಒತ್ತಬೇಡಿ. ನೂರಾರು ದೋಷ ತೋರಿಸಿ ಆಮೇಲೆ ಹಣ ಕೇಳುವ ‘ಕ್ಲೀನರ್’ಗಳು ಅಲ್ಲೇ ಕಾದಿರುತ್ತವೆ. ಸ್ಕ್ಯಾನ್ ಮುಗಿದ ಮೇಲೆ ಸಿಕ್ಕಿದ್ದನ್ನು ಕ್ವಾರಂಟೈನ್ ಮಾಡಿ, ರೀಸ್ಟಾರ್ಟ್ ಮಾಡಿ. ಲ್ಯಾಪ್‌ಟಾಪ್ ಕಂಪನಿಯೇ ಹಾಕಿಕೊಟ್ಟ ಪ್ರೋಗ್ರಾಂಗಳನ್ನು ಅದು ಬೇರೆಯಾಗಿ ತೋರಿಸುತ್ತದೆ. ಅವನ್ನು ಹಾಗೇ ಬಿಡಬಹುದು.

ಇಷ್ಟರಲ್ಲಿ ಸಾಮಾನ್ಯವಾಗಿ ಪಾಲಿಸಿಯೂ ಹೋಗಿರುತ್ತದೆ. ಹೋಗದಿದ್ದರೆ ರಿಜಿಸ್ಟ್ರಿ ಎಡಿಟರ್ ತೆರೆದು ಎಚ್‌ಕೀ ಲೋಕಲ್ ಮಷೀನ್, ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್ ಎಂದು ಇಳಿಯಿರಿ. ‘ಎಕ್ಸ್‌ಟೆನ್ಶನ್ ಇನ್‌ಸ್ಟಾಲ್ ಫೋರ್ಸ್‌ಲಿಸ್ಟ್’ ಎಂಬ ಕೀಲಿಯಲ್ಲಿ ನೀವು ಬರೆದುಕೊಂಡ 32 ಅಕ್ಷರಗಳೇ ಇದ್ದರೆ ಕಳ್ಳ ಸಿಕ್ಕಂತೆ. ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಬಳಸಿ ಆ ಕೀಲಿಯ ಪ್ರತಿ ಇಟ್ಟುಕೊಂಡು ನಂತರ ಅಳಿಸಿ. ಎಚ್‌ಕೀ ಕರೆಂಟ್ ಯೂಸರ್ ಅಡಿಯಲ್ಲೂ ಇದೇ ದಾರಿ ನೋಡಿ. ಅಳಿಸಿದ ಒಂದೆರಡು ತಾಸಿನಲ್ಲಿ ಮತ್ತೆ ಪ್ರತ್ಯಕ್ಷವಾದರೆ, ಸಿ ಡ್ರೈವ್‌ನ ವಿಂಡೋಸ್, ಸಿಸ್ಟಂ32 ಒಳಗೆ ಅಡಗಿರುವ ‘ಗ್ರೂಪ್‌ಪಾಲಿಸಿ’ ಫೋಲ್ಡರಿನಿಂದ ವಿಂಡೋಸ್ ಅದನ್ನು ಮರಳಿ ಬರೆಯುತ್ತಿದೆ ಎಂದರ್ಥ. ಅಡ್ಮಿನಿಸ್ಟ್ರೇಟರ್ ಆಗಿ ಆ ಫೋಲ್ಡರಿನ ಹೆಸರು ಬದಲಿಸಿ, ರೀಸ್ಟಾರ್ಟ್ ಮಾಡಿ, ಕೀಲಿಯನ್ನು ಮತ್ತೊಮ್ಮೆ ಅಳಿಸಿ.

ಕೊನೆಗೆ ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ರೀಸೆಟ್. ಇದು ಎಕ್ಸ್‌ಟೆನ್ಶನ್‌ಗಳನ್ನು ಆಫ್ ಮಾಡಿ, ಸರ್ಚ್ ಎಂಜಿನ್, ಮೊದಲ ಪುಟಗಳನ್ನು ಮೂಲಸ್ಥಿತಿಗೆ ತರುತ್ತದೆ. ಬುಕ್‌ಮಾರ್ಕ್, ಉಳಿಸಿದ ಪಾಸ್‌ವರ್ಡ್ ಹೋಗುವುದಿಲ್ಲ. ‘ಕ್ರೋಮ್‌ನಲ್ಲೇ ಇರುವ ಕ್ಲೀನ್ ಅಪ್ ಕಂಪ್ಯೂಟರ್ ಒತ್ತಿ’ ಎಂಬ ಹಳೆಯ ಸಲಹೆ ಈಗ ನಡೆಯದು. 2023ರಲ್ಲಿ ಗೂಗಲ್ ಅದನ್ನು ತೆಗೆದುಹಾಕಿತು. ಇದೇ ಗೂಗಲ್ ಖಾತೆ ಇನ್ನೊಂದು ಕಂಪ್ಯೂಟರಿನಲ್ಲೂ ಇದ್ದರೆ ಎರಡೂ ಸ್ವಚ್ಛವಾಗುವ ತನಕ ಸಿಂಕ್ ನಿಲ್ಲಿಸಿ. ಇಲ್ಲವಾದರೆ ಅಲ್ಲಿಯ ಎಕ್ಸ್‌ಟೆನ್ಶನ್ ಇಲ್ಲಿಗೆ ವಾಪಸ್ ಬರುತ್ತದೆ.

ಪ್ರಶ್ನೆ: ನಮ್ಮದು ಡಿಟಿಪಿ ಅಂಗಡಿ. ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಒಂದನ್ನು ಇಳಿಸಿಕೊಂಡ ಮೇಲೆ ಬ್ರೌಸರ್ ತಾನಾಗಿಯೇ ತೆರೆದು ಬೆಟ್ಟಿಂಗ್ ತಾಣ ತೋರಿಸುತ್ತಿದೆ. ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ಎಲ್ಲ ಸರಿಯಿದೆ ಎನ್ನುತ್ತಿದೆ. (ಕಲಬುರಗಿ)

ಕನ್ನಡ ಫಾಂಟ್, ಟೈಪಿಂಗ್ ಸಾಫ್ಟ್‌ವೇರ್ ಹುಡುಕುವವರಿಗೆ ಇದು ಬಹಳ ಸಲ ಆಗುತ್ತದೆ. ಸಂಬಂಧವೇ ಇಲ್ಲದ ಡೌನ್‌ಲೋಡ್ ತಾಣಗಳು ಅಸಲಿ ಸಾಫ್ಟ್‌ವೇರನ್ನು ತಮ್ಮದೇ ಇನ್‌ಸ್ಟಾಲರಿನೊಳಗೆ ಸುತ್ತಿ ಕೊಡುತ್ತವೆ. ಪುಟದಲ್ಲಿ ಮೂರು ನಾಲ್ಕು ಹಸಿರು ‘ಡೌನ್‌ಲೋಡ್’ ಬಟನ್ ಇರುತ್ತವೆ, ಹೆಚ್ಚಿನವು ಜಾಹೀರಾತು. ಇನ್‌ಸ್ಟಾಲ್ ಮಾಡುವಾಗ ‘ರೆಕಮೆಂಡೆಡ್’ ಎಂದು ಮುಂದೆ ಒತ್ತುತ್ತ ಹೋದರೆ ಜೊತೆಯವೂ ಒಳಗೆ ಬರುತ್ತವೆ. ‘ಕಸ್ಟಮ್’ ಆರಿಸಿದರೆ ಮಾತ್ರ ಅವುಗಳ ಟಿಕ್ ಗುರುತು ತೆಗೆಯುವ ಅವಕಾಶ. 2017ರ ಜೂನ್‌ನಲ್ಲಿ ಚೆಕ್ ಪಾಯಿಂಟ್ ಕಂಪನಿ ಬಯಲಿಗೆಳೆದ ‘ಫೈರ್‌ಬಾಲ್’ ಹರಡಿದ್ದೂ ಹೀಗೆ ಜೊತೆಗೂಡಿಸಿಯೇ. ಅದು ತಗುಲಿದ್ದ ಕಂಪ್ಯೂಟರುಗಳು 25 ಕೋಟಿ, ಅದರಲ್ಲಿ ಭಾರತದವೇ ಎರಡೂವರೆ ಕೋಟಿಯಷ್ಟು ಎಂದು ಚೆಕ್ ಪಾಯಿಂಟ್ ಅಂದಾಜಿಸಿತ್ತು. ಮೈಕ್ರೋಸಾಫ್ಟ್ ಆ ಅಂದಾಜನ್ನು ಅತಿ ಎಂದಿತು.

ಬ್ರೌಸರ್ ತಾನಾಗಿ ತೆರೆಯುವುದು ಸಾಮಾನ್ಯವಾಗಿ, ಗೊತ್ತುಪಡಿಸಿದ ಹೊತ್ತಿಗೆ ಪ್ರೋಗ್ರಾಂ ಓಡಿಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಿಂದ. ಸ್ಟಾರ್ಟ್ ಮೆನುವಿನಲ್ಲಿ ಹುಡುಕಿ ತೆರೆಯಿರಿ, ಎಡಗಡೆ ‘ಟಾಸ್ಕ್ ಶೆಡ್ಯೂಲರ್ ಲೈಬ್ರರಿ’ ಒತ್ತಿ. ಒಂದೊಂದೇ ಟಾಸ್ಕ್ ಆರಿಸಿ ಕೆಳಗಿನ ‘ಆ್ಯಕ್ಷನ್ಸ್’ ನೋಡಿ. ಅಲ್ಲಿ ಬ್ರೌಸರಿನ ಹೆಸರಿನ ಮುಂದೆ ವೆಬ್ ವಿಳಾಸವಿದ್ದರೆ, ಅಥವಾ ಆ್ಯಪ್‌ಡೇಟಾ ಫೋಲ್ಡರಿನಲ್ಲಿರುವ ಅರ್ಥವಿಲ್ಲದ ಹೆಸರಿನ ಫೈಲನ್ನು ಅದು ಓಡಿಸುತ್ತಿದ್ದರೆ ಅನುಮಾನಿಸಿ. ‘ಟ್ರಿಗರ್ಸ್’ನಲ್ಲಿ ಎಷ್ಟು ನಿಮಿಷಕ್ಕೊಮ್ಮೆ ಎಂದೂ ಬರೆದಿರುತ್ತದೆ. ಜಾಹೀರಾತು ಬರುವ ಅಂತರಕ್ಕೆ ಅದು ಹೊಂದಿದರೆ ಅನುಮಾನಕ್ಕೆ ಎಡೆಯೇ ಇಲ್ಲ. ಮೊದಲು ‘ಡಿಸೇಬಲ್’ ಮಾಡಿ, ಕಾಟ ನಿಂತದ್ದು ಖಚಿತವಾದ ಮೇಲೆ ಡಿಲೀಟ್ ಮಾಡಿ. ಮೈಕ್ರೋಸಾಫ್ಟ್ ಫೋಲ್ಡರಿನ ಒಳಗಿರುವುದನ್ನು ಮುಟ್ಟಬೇಡಿ. ಡೆಸ್ಕ್‌ಟಾಪಿನ ಬ್ರೌಸರ್ ಐಕಾನಿನ ಪ್ರಾಪರ್ಟೀಸ್‌ನಲ್ಲಿ ‘ಟಾರ್ಗೆಟ್’ ಸಾಲನ್ನೂ ಪರೀಕ್ಷಿಸಿ: ಕೊನೆಯ ಉದ್ಧರಣ ಚಿಹ್ನೆಯ ನಂತರ ವೆಬ್ ವಿಳಾಸ ಅಂಟಿಕೊಂಡಿದ್ದರೆ ಅಷ್ಟನ್ನು ಮಾತ್ರ ಅಳಿಸಿ.

ಡಿಫೆಂಡರ್ ಸುಮ್ಮನಿರುವುದಕ್ಕೆ ಕಾರಣ ಇನ್ನೊಂದಿರಬಹುದು. ವಿಂಡೋಸ್ ಸೆಕ್ಯುರಿಟಿ, ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್, ಮ್ಯಾನೇಜ್ ಸೆಟ್ಟಿಂಗ್ಸ್, ಎಕ್ಸ್‌ಕ್ಲೂಶನ್ಸ್ ತೆರೆಯಿರಿ. ಇಲ್ಲಿ ಬರೆದ ಜಾಗಗಳನ್ನು ಡಿಫೆಂಡರ್ ನೋಡುವುದೇ ಇಲ್ಲ. ಲೈಸೆನ್ಸ್ ಇಲ್ಲದೆ ಓಡುವಂತೆ ಕ್ರ್ಯಾಕ್ ಮಾಡಿದ ಫೋಟೋಶಾಪ್, ಕೋರಲ್‌ಡ್ರಾ ಅಥವಾ ವಿಂಡೋಸ್ ಆ್ಯಕ್ಟಿವೇಟರ್ ಹಾಕಿದ್ದರೆ ಅದು ಸಿ ಡ್ರೈವ್ ಪೂರ್ತಿಯನ್ನೇ ಇಲ್ಲಿ ಸೇರಿಸಿರುವುದುಂಟು. ನೀವಾಗಿ ಸೇರಿಸದ ಎಲ್ಲವನ್ನೂ ತೆಗೆದುಹಾಕಿ. ಆಮೇಲೆ ‘ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್’ನ ರೆಪ್ಯುಟೇಶನ್ ವಿಭಾಗದಲ್ಲಿ ‘ಪೊಟೆನ್ಶಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್’ ಆನ್ ಮಾಡಿ, ಆಡ್‌ವೇರ್ ಜಾತಿಯನ್ನು ಹಿಡಿಯುವುದು ಅದೇ. ಕೊನೆಗೆ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಕೊಡಿ. ವಿಂಡೋಸ್ ಏಳುವ ಮೊದಲೇ ನಡೆಯುವ ಇದಕ್ಕೆ ಸುಮಾರು 15 ನಿಮಿಷ ಬೇಕು. ಕ್ರ್ಯಾಕ್ ಫೈಲಿನೊಂದಿಗೆ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಕೂಡ ಬರುವುದರಿಂದ, ಅಂಗಡಿಯ ಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡುಗಳನ್ನು ಬೇರೆ ಸಾಧನದಿಂದ ಬದಲಿಸಿ.

ಯೂನಿಕೋಡ್ ಟೈಪಿಂಗ್ ಮಾತ್ರ ಸಾಕೆನ್ನುವವರು ಏನನ್ನೂ ಇಳಿಸಬೇಕಿಲ್ಲ. ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಇದೆ, 2019ರ ಮೇ ಅಪ್‌ಡೇಟ್‌ನಿಂದ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ಫೊನೆಟಿಕ್ ವಿನ್ಯಾಸವೂ ಸೇರಿದೆ.

ಪ್ರಶ್ನೆ: ಆಡ್‌ವೇರ್ ತೆಗೆದೆ. ಜಾಹೀರಾತು ಹೋಯಿತು, ಜೊತೆಗೆ ಇಂಟರ್‌ನೆಟ್ಟೂ ಹೋಯಿತು. ವೈಫೈ ಕನೆಕ್ಟ್ ಆಗಿದೆ, ಒಂದು ತಾಣವೂ ತೆರೆಯುವುದಿಲ್ಲ. (ಮೈಸೂರು)

ಕೆಲವು ಆಡ್‌ವೇರ್‌ಗಳು ನಿಮ್ಮ ಬ್ರೌಸಿಂಗ್ ಎಲ್ಲವೂ ತಮ್ಮ ಮೂಲಕವೇ ಹೋಗುವಂತೆ ಕಂಪ್ಯೂಟರಿನಲ್ಲೇ ಒಂದು ಪ್ರಾಕ್ಸಿ ನಿಲ್ಲಿಸಿ, ಪುಟಗಳ ನಡುವೆ ಜಾಹೀರಾತು ತುರುಕುತ್ತವೆ. ಪ್ರೋಗ್ರಾಂ ಹೋದರೂ ಸೆಟ್ಟಿಂಗ್ ಉಳಿದರೆ ಬ್ರೌಸರ್ ಇಲ್ಲದ ಬಾಗಿಲು ತಟ್ಟುತ್ತಿರುತ್ತದೆ. ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್‌ನೆಟ್, ಪ್ರಾಕ್ಸಿ ತೆರೆಯಿರಿ. ವಿಳಾಸ 127.0.0.1 (ಅಂದರೆ ನಿಮ್ಮದೇ ಕಂಪ್ಯೂಟರ್) ಎಂದಿದ್ದರೆ ಇದೇ ಕಾರಣ. ‘ಯೂಸ್ ಎ ಪ್ರಾಕ್ಸಿ ಸರ್ವರ್’, ‘ಯೂಸ್ ಸೆಟಪ್ ಸ್ಕ್ರಿಪ್ಟ್’ ಎರಡನ್ನೂ ಆಫ್ ಮಾಡಿ.

ಪ್ರಶ್ನೆ: ಮನೆಯಲ್ಲಿ ಎರಡು ಲ್ಯಾಪ್‌ಟಾಪ್, ಮೂರು ಫೋನ್. ಎಲ್ಲದರಲ್ಲೂ ಒಂದೇ ಬಗೆಯ ಜಾಹೀರಾತು. (ಹಾಸನ)

ಒಂದು ಫೋನಿನ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ಅದೇ ತಾಣ ತೆರೆಯಿರಿ. ಜಾಹೀರಾತು ಮಾಯವಾದರೆ ರೂಟರಿನ ಡಿಎನ್‌ಎಸ್ ಬದಲಾಗಿರುವ ಸಾಧ್ಯತೆ ಹೆಚ್ಚು. ತಾಣದ ಹೆಸರನ್ನು ವಿಳಾಸಕ್ಕೆ ತಿರುಗಿಸುವ ಕೆಲಸ ಡಿಎನ್‌ಎಸ್‌ನದು. ಅದು ವಂಚಕರ ಕೈಗೆ ಹೋದರೆ ಅವರು ಬೇಕಾದ ಕಡೆ ಕಳಿಸಬಹುದು. ‘ಡಿಎನ್‌ಎಸ್ ಚೇಂಜರ್’ ಎಂಬ ಮಾಲ್‌ವೇರ್ ಹೀಗೇ 100ಕ್ಕೂ ಹೆಚ್ಚು ದೇಶಗಳ ಸುಮಾರು 40 ಲಕ್ಷ ಕಂಪ್ಯೂಟರುಗಳಿಗೆ ಹರಡಿತ್ತು. ಅದರ ಜಾಲವನ್ನು ಅಮೆರಿಕದ ಎಫ್‌ಬಿಐ 2011ರಲ್ಲಿ ಹಿಡಿಯಿತು.

ರೂಟರಿನ ಅಡಿಯ ಚೀಟಿಯಲ್ಲಿ 192.168.1.1 ಅಥವಾ 192.168.0.1 ಎಂಬಂಥ ವಿಳಾಸವಿರುತ್ತದೆ. ಬ್ರೌಸರಿನಲ್ಲಿ ಅದನ್ನು ತೆರೆದು ಲಾಗಿನ್ ಆಗಿ. ಡಿಎನ್‌ಎಸ್ ಜಾಗದಲ್ಲಿ ಅಪರಿಚಿತ ಅಂಕಿಗಳಿದ್ದರೆ ‘ಆಟೋಮ್ಯಾಟಿಕ್’ಗೆ ತಿರುಗಿಸಿ, ಇಲ್ಲವೇ 1.1.1.1 ಅಥವಾ 8.8.8.8 ಹಾಕಿ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಇದು ವೈಫೈ ಪಾಸ್‌ವರ್ಡ್ ಅಲ್ಲ, ರೂಟರಿನ ಒಳಹೋಗುವ ಪಾಸ್‌ವರ್ಡ್. ರಿಮೋಟ್ ಮ್ಯಾನೇಜ್‌ಮೆಂಟ್ ಆಫ್ ಮಾಡಿ. ಹಿಂಭಾಗದ ಸಣ್ಣ ರಂಧ್ರದ ರೀಸೆಟ್ ಬಟನ್ ಒತ್ತುವ ಯೋಚನೆಯಿದ್ದರೆ ಮೊದಲು ನೆಟ್ ಕೊಡುವ ಕೇಬಲ್‌ನವರಿಂದ, ರೂಟರ್ ನೆಟ್‌ಗೆ ಲಾಗಿನ್ ಆಗಲು ಬೇಕಾದ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್ ಕೇಳಿ ಬರೆದುಕೊಳ್ಳಿ. ಅದಿಲ್ಲದೆ ರೀಸೆಟ್ ಮಾಡಿದರೆ ಅವರು ಬರುವ ತನಕ ನೆಟ್ ಇರುವುದಿಲ್ಲ.

ಪ್ರಶ್ನೆ: ಪರದೆ ಪೂರ್ತಿ ಕೆಂಪಾಗಿ ಸೈರನ್ ಕೂಗಿತು, ‘ಮೈಕ್ರೋಸಾಫ್ಟ್‌ಗೆ ಕರೆ ಮಾಡಿ’ ಎಂಬ ನಂಬರ್ ಬಂತು. ನಮ್ಮ ತಂದೆ ಕರೆ ಮಾಡಿ, ಅವರು ಹೇಳಿದ ಆ್ಯಪ್ ಹಾಕಿ, ಹಣವನ್ನೂ ಕಟ್ಟಿದ್ದಾರೆ. (ಬೆಳಗಾವಿ)

ಓದು ನಿಲ್ಲಿಸಿ ಮೊದಲು 1930ಕ್ಕೆ ಕರೆ ಮಾಡಿ. ಅದು ಸೈಬರ್ ಹಣಕಾಸು ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಯಲು ಸಾಧ್ಯವಾಗುವುದು ಬೇಗ ತಿಳಿಸಿದರೆ ಮಾತ್ರ. ವಹಿವಾಟಿನ ಯುಟಿಆರ್ ಸಂಖ್ಯೆ, ಸಮಯ, ಮೊತ್ತ ಕೈಯಲ್ಲಿರಲಿ. ತಕ್ಷಣ ಬ್ಯಾಂಕಿಗೂ ತಿಳಿಸಿ ದೂರಿನ ಸಂಖ್ಯೆ ಪಡೆಯಿರಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಗ್ರಾಹಕರೇ ಮಾಹಿತಿ ಕೊಟ್ಟು ಆದ ನಷ್ಟವನ್ನು ಅವರೇ ಹೊರಬೇಕು, ಆದರೆ ಬ್ಯಾಂಕಿಗೆ ತಿಳಿಸಿದ ನಂತರ ಹೋಗುವ ಹಣ ಬ್ಯಾಂಕಿನ ಹೊಣೆ.

ಕಂಪ್ಯೂಟರಿನ ನೆಟ್ ಕಡಿಯಿರಿ. ಎನಿಡೆಸ್ಕ್‌ನಂಥ ರಿಮೋಟ್ ಆ್ಯಪ್ ತೆಗೆದುಹಾಕಿ, ಆ ದಿನ ಬಂದ ಬೇರೆ ಆ್ಯಪ್‌ಗಳನ್ನೂ ತೆಗೆಯಿರಿ; ವಂಚಕರು ಒಂದು ಹೋದರೂ ಇರಲೆಂದು ಎರಡನೆಯದನ್ನು ಹಾಕಿರುವುದುಂಟು. ಪಾಸ್‌ವರ್ಡುಗಳನ್ನು ಇನ್ನೊಂದು ಸಾಧನದಿಂದ ಬದಲಿಸಿ. ತಂದೆಯವರನ್ನು ಬೈಯಬೇಡಿ. ಬೈಗುಳಕ್ಕೆ ಹೆದರಿ ಮುಚ್ಚಿಟ್ಟ ಒಂದೊಂದು ಗಂಟೆಯೂ ವಂಚಕರಿಗೆ ಲಾಭ.

ಆ ಕೆಂಪು ಪರದೆ ಬರೀ ಒಂದು ವೆಬ್ ಪುಟ. ಎಸ್ಕೇಪ್ ಕೀಲಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಫುಲ್ ಸ್ಕ್ರೀನ್ ಬಿಡುತ್ತದೆ. ಬಿಡದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನಲ್ಲಿ ಬ್ರೌಸರನ್ನು ‘ಎಂಡ್ ಟಾಸ್ಕ್’ ಮಾಡಿ. ಮತ್ತೆ ತೆರೆದಾಗ ‘ರಿಸ್ಟೋರ್’ ಕೇಳಿದರೆ ಒತ್ತಬೇಡಿ, ಅದೇ ಪುಟ ಮರಳುತ್ತದೆ.

ಪ್ರಶ್ನೆ: ಅಂಗಡಿಯವರು ಫಾರ್ಮ್ಯಾಟ್ ಮಾಡಲೇಬೇಕು ಎನ್ನುತ್ತಾರೆ. ಬೇಕೆ? (ತುಮಕೂರು)

ಆಡ್‌ವೇರ್ ಒಂದಕ್ಕಾಗಿ ಬೇಕಾಗುವುದು ಅಪರೂಪ. ಮೇಲಿನ ಕ್ರಮಗಳ ಜೊತೆಗೆ, ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರದ ಉಚಿತ ಸಾಧನಗಳನ್ನೂ ಓಡಿಸಿ ನೋಡಿ. ಕ್ರ್ಯಾಕ್ ಸಾಫ್ಟ್‌ವೇರ್ ಹಾಕಿದ್ದರೆ, ಅಥವಾ ಸ್ವಚ್ಛ ಮಾಡಿದ ಮೇಲೂ ಡಿಫೆಂಡರ್ ತಾನಾಗಿ ಆಫ್ ಆಗುತ್ತಿದ್ದರೆ ಫಾರ್ಮ್ಯಾಟ್ ಮಾಡುವುದೇ ಸರಿ. ಆಗ ಫೋಟೋ, ದಾಖಲೆಗಳನ್ನಷ್ಟೇ ಬೇರೆ ಡ್ರೈವ್‌ಗೆ ತೆಗೆದಿಡಿ. ಡೌನ್‌ಲೋಡ್ಸ್ ಫೋಲ್ಡರಿನ ಹಳೆಯ ಸೆಟಪ್ ಫೈಲುಗಳನ್ನು ಹೊಸ ವಿಂಡೋಸ್‌ಗೆ ತರಬೇಡಿ. ಅಂಗಡಿಯವರು ಹಾಕುವ ವಿಂಡೋಸ್ ಅಸಲಿಯೇ ಎಂದೂ ಕೇಳಿ. ಲ್ಯಾಪ್‌ಟಾಪಿನೊಂದಿಗೆ ವಿಂಡೋಸ್ ಬಂದಿದ್ದರೆ ಅದರ ಲೈಸೆನ್ಸ್ ಸಾಮಾನ್ಯವಾಗಿ ಮದರ್‌ಬೋರ್ಡಿನಲ್ಲೇ ಇರುತ್ತದೆ. ಅದೇ ಆವೃತ್ತಿ ಹಾಕಿ ನೆಟ್‌ಗೆ ಜೋಡಿಸಿದರೆ ತಾನಾಗಿ ಆ್ಯಕ್ಟಿವೇಟ್ ಆಗುತ್ತದೆ, ಆ್ಯಕ್ಟಿವೇಟರ್ ಬೇಕಿಲ್ಲ.