ಓದುಗರ ಪ್ರಶ್ನೆ: ನೆರೆ ಪರಿಹಾರಕ್ಕೆ ಲಾರಿಯೋ, ರಸೀದಿ ಪುಸ್ತಕವೋ?

ಪ್ರಶ್ನೆ: 2015ರ ಡಿಸೆಂಬರ್‌ನಲ್ಲಿ ಚೆನ್ನೈ ಮುಳುಗಿದಾಗ ನಮ್ಮ ವಸತಿ ಸಮುಚ್ಚಯದವರು ಮನೆಮನೆಯಿಂದ ಹಳೆಯ ಬಟ್ಟೆ, ಬಿಸ್ಕತ್ತು, ನೀರಿನ ಬಾಟಲಿ ಕೂಡಿಸಿ ಒಂದು ಲಾರಿ ಕಳುಹಿಸಿದ್ದೆವು. ಬಟ್ಟೆಯ ಮೂಟೆಗಳನ್ನು ಇಳಿಸಿಕೊಳ್ಳುವವರೇ ಇರಲಿಲ್ಲವೆಂದು ಜೊತೆಗೆ ಹೋದವರು ಬಂದು ಹೇಳಿದರು. ಮುಂದೆ ಎಲ್ಲಿಯಾದರೂ ಹಾಗಾದರೆ ಹಣವನ್ನೇ ಸಂಗ್ರಹಿಸೋಣ ಎಂದರೆ, ‘ಸಾಮಾನಾದರೆ ಕಣ್ಣಿಗೆ ಕಾಣುತ್ತದೆ, ಹಣಕ್ಕೆ ಲೆಕ್ಕ ಕೊಡುವವರು ಯಾರು?’ ಎಂದು ಸಭೆಯಲ್ಲಿ ಆಕ್ಷೇಪ ಬರುತ್ತಿದೆ. ತಮ್ಮ ಸಲಹೆಯೇನು?
– ನಿವಾಸಿಗಳ ಸಂಘದ ಕಾರ್ಯದರ್ಶಿ, ಬೆಂಗಳೂರು

ಉತ್ತರ: ಆಕ್ಷೇಪ ಎತ್ತಿದವರ ಮೇಲೆ ಬೇಸರಿಸದೆ ಅವರನ್ನೇ ಲೆಕ್ಕ ತಪಾಸಣೆಗೆ ನೇಮಿಸಿ. ಅವರ ಪ್ರಶ್ನೆ ನ್ಯಾಯವಾದದ್ದು. ಆದರೆ ಅದಕ್ಕೆ ಲಾರಿ ಉತ್ತರವಲ್ಲ.

ಅಂದು ಚೆನ್ನೈಯಲ್ಲಿ ಆದದ್ದನ್ನು ನೆನಪಿಸಿಕೊಳ್ಳಿ. ಡಿಸೆಂಬರ್ 1ರ ಮಳೆಯೂ ಚೆಂಬರಂಬಾಕ್ಕಂ ಜಲಾಶಯದಿಂದ ಬಿಟ್ಟ ನೀರೂ ಸೇರಿ ಅಡ್ಯಾರ್ ನದಿ ಉಕ್ಕಿ ಸೈದಾಪೇಟೆ, ಕೊಟ್ಟೂರುಪುರಂಗಳ ಮನೆಗಳಿಗೆ ನುಗ್ಗಿತು, ವಿಮಾನ ನಿಲ್ದಾಣ ದಿನಗಟ್ಟಲೆ ಮುಚ್ಚಿತು, ನೌಕರರು ಮುದ್ರಣಾಲಯ ತಲುಪಲಾಗದೆ ‘ದಿ ಹಿಂದೂ’ ಪತ್ರಿಕೆಯ ಡಿಸೆಂಬರ್ 2ರ ಚೆನ್ನೈ ಸಂಚಿಕೆಯೇ ಹೊರಬರಲಿಲ್ಲ. ಅದೇ ಊರಿನ ಪತ್ರಿಕೆಗೆ ತನ್ನ ನೌಕರರನ್ನು ಕರೆತರಲಾಗದ ದಿನ, ಹೊರ ಊರಿನ ಲಾರಿ ಬೀದಿಯೊಳಗೆ ಹೋಗಿ ಮನೆಬಾಗಿಲಿಗೆ ನೀರು ಮುಟ್ಟಿಸುತ್ತದೆಂದು ನಿರೀಕ್ಷಿಸಲಾಗದು. ಆ ಎರಡು ಮೂರು ದಿನ ಜನರನ್ನು ಕಾಪಾಡಿದವರು ದೋಣಿ ತಂದ ಮೀನುಗಾರರು, ರಕ್ಷಣಾ ಪಡೆಗಳವರು ಮತ್ತು ತಮ್ಮ ಮನೆಯಲ್ಲಿ ಅಡುಗೆ ಮಾಡಿ ಹಂಚಿದ ನೆರೆಹೊರೆಯವರು. ನೀರಿಳಿದ ಮೇಲೆ ಅಂಗಡಿಗಳು ಮತ್ತೆ ತೆರೆಯುತ್ತವೆ, ಆದರೆ ಕೊಳ್ಳುವವರ ಕೈ ಬರಿದಾಗಿರುತ್ತದೆ. ಹಾಸಿಗೆ, ಒಲೆ, ಮಕ್ಕಳ ಪಠ್ಯಪುಸ್ತಕ, ಕೆಸರು ತುಂಬಿ ನಿಂತ ದ್ವಿಚಕ್ರ ವಾಹನದ ರಿಪೇರಿ, ನೆನೆದು ಹೋದ ಪಡಿತರ ಚೀಟಿಗೆ ಬದಲಿ ಚೀಟಿ ಪಡೆಯಲು ಕೂಲಿ ಬಿಟ್ಟು ಅಲೆಯುವ ದಿನಗಳು, ಇವೆಲ್ಲ ಮನೆಯಿಂದ ಮನೆಗೆ ಬೇರೆ ಬೇರೆಯಾಗಿರುವ ಅಗತ್ಯಗಳು; ಇವನ್ನು ಮುಟ್ಟುವ ಶಕ್ತಿ ಹಣಕ್ಕಿದೆ, ಬಿಸ್ಕತ್ತಿಗಿಲ್ಲ. ತನ್ನ ದಾಸ್ತಾನನ್ನೇ ಕಳೆದುಕೊಂಡ ಅಲ್ಲಿನ ಅಂಗಡಿಯವನಿಗೂ ಆ ಹಣದಿಂದ ವ್ಯಾಪಾರ ಕುದುರುತ್ತದೆ. ಹಳೆಯ ಬಟ್ಟೆಯ ವಿಷಯದಲ್ಲಂತೂ 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ಯಾರೂ ಉಡದ ಬಟ್ಟೆಯ ರಾಶಿಗಳು ಬಿದ್ದಿದ್ದವು. ನಾವು ಪಾಠ ಕಲಿಯಲಿಲ್ಲ.

ಇನ್ನು ಲೆಕ್ಕ. ಹಣ ಕೂಡಿಸುವ ಮೊದಲೇ ಅದು ಯಾವ ಕೆಲಸಕ್ಕೆ, ಯಾವ ತಾರೀಖಿನವರೆಗೆ, ಯಾರ ಮೂಲಕ, ಮಿಕ್ಕರೆ ಏನು ಮಾಡುವುದು ಎಂಬ ನಾಲ್ಕು ಮಾತನ್ನು ಬರೆದು ಸಭೆಯ ಒಪ್ಪಿಗೆ ಪಡೆಯಿರಿ. ಮಿಕ್ಕ ಹಣದ ಮಾತನ್ನು ಎಲ್ಲರೂ ಮರೆಯುತ್ತಾರೆ, ಜಗಳ ಹುಟ್ಟುವುದೂ ಅಲ್ಲಿಯೇ. ಹಣವು ಸಂಘದ ಹೆಸರಿನಲ್ಲಿ ಇಬ್ಬರ ಸಹಿಯಿಂದ ನಡೆಯುವ ಖಾತೆಗೇ ಬರಲಿ. ಉತ್ಸಾಹಿಯೊಬ್ಬರು ‘ನನ್ನ ಫೋನಿಗೇ ಹಾಕಿ’ ಎಂದರೆ ಒಪ್ಪಬೇಡಿ: ಅವರ ಪ್ರಾಮಾಣಿಕತೆಯಲ್ಲಿ ಸಂಶಯವಿದೆಯೆಂದಲ್ಲ, ಬಂಧುಗಳಲ್ಲದವರಿಂದ ವರ್ಷವೊಂದರಲ್ಲಿ ಒಟ್ಟು 50,000 ರೂಪಾಯಿ ಮೀರಿ ಬಂದ ಉಡುಗೊರೆಯ ಹಣವನ್ನು ತೆರಿಗೆ ಇಲಾಖೆಯು ಪಡೆದವರ ಆದಾಯವೆಂದೇ ಎಣಿಸುತ್ತದೆ. ಹತ್ತು ರೂಪಾಯಿಗೂ ರಸೀದಿ ಕೊಡಿ. ಕೊಟ್ಟವರ ಮೊತ್ತವನ್ನೂ ಖರ್ಚಿನ ಬಿಲ್ಲನ್ನೂ ಸೂಚನಾ ಫಲಕಕ್ಕೆ ಹಚ್ಚಿ. ಬ್ಯಾನರು, ಹಸ್ತಾಂತರದ ಭಾವಚಿತ್ರ ಇವಕ್ಕೆ ಆ ಹಣದಿಂದ ಒಂದು ಕಾಸೂ ಹೋಗಬಾರದು. ಚೆನ್ನೈಯಲ್ಲಿ ಪರಿಹಾರದ ಪೊಟ್ಟಣಗಳಿಗೆ ರಾಜಕೀಯ ಸ್ಟಿಕ್ಕರ್ ಅಂಟಿಸಲಾಗುತ್ತಿದೆಯೆಂದು ಸ್ವಯಂಸೇವಕರು ದೂರಿದ್ದರು. ಸಂಘದ ಹೆಸರಿನ ಸ್ಟಿಕ್ಕರ್ ಅಂಟಿಸುವ ಚಪಲ ನಮ್ಮಂಥ ಸಣ್ಣವರಲ್ಲೂ ಇದೆ.

ಆ ಊರಿನಲ್ಲಿ ನಿಮಗೆ ನಂಬಿಕೆಯ ಪರಿಚಯವಿದ್ದರೆ ಒಂದೇ ಬೀದಿಯನ್ನು ಆರಿಸಿಕೊಂಡು ಅಲ್ಲಿನ ಮನೆಗಳಿಗೆ ನೆರವಾಗಿ. ಇಲ್ಲದಿದ್ದರೆ ಆ ರಾಜ್ಯದ ಮುಖ್ಯಮಂತ್ರಿಗಳ ಪರಿಹಾರ ನಿಧಿಗೋ, ಹಿಂದಿನ ವರ್ಷಗಳ ಲೆಕ್ಕ ಪ್ರಕಟಿಸಿರುವ ಸಂಸ್ಥೆಗೋ ಕೊಟ್ಟುಬಿಡಿ. ಎರಡನ್ನೂ ಅರ್ಧರ್ಧ ಮಾಡಲು ಹೊರಟವರು ಎರಡರಲ್ಲೂ ಸೋತದ್ದನ್ನು ಕಂಡಿದ್ದೇನೆ.

ಪ್ರಶ್ನೆ: ಅಮೆರಿಕದ ಪೌರತ್ವ ಪಡೆದಿರುವ ನನ್ನ ಮಗಳು ಅಲ್ಲಿನ ಗೆಳೆಯರಿಂದ ಹಣ ಕೂಡಿಸಿ ನಮ್ಮ ಬಡಾವಣೆಯ ಸಂಘಕ್ಕೆ ಕಳುಹಿಸುತ್ತೇನೆ ಎನ್ನುತ್ತಾಳೆ. ಪಡೆಯಬಹುದೇ?
– ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಬೇಡ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿರುವ ಅನಿವಾಸಿಗಳು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವುದು ವಿದೇಶಿ ದೇಣಿಗೆಯಾಗುವುದಿಲ್ಲ. ಪೌರತ್ವ ಬದಲಾದವರು, ಹುಟ್ಟಿದ್ದು ಮಂಡ್ಯದಲ್ಲೇ ಆದರೂ, ಕಾನೂನಿನ ಕಣ್ಣಿಗೆ ವಿದೇಶಿ ಮೂಲ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಇಲ್ಲದ ಸಂಘ ಅಂಥ ಹಣ ಮುಟ್ಟುವಂತಿಲ್ಲ. ನೋಂದಣಿ ಇರುವ ಸಂಸ್ಥೆಯೂ 2020ರ ತಿದ್ದುಪಡಿಯ ನಂತರ ಅದನ್ನು ಮೊದಲು ಸ್ಟೇಟ್ ಬ್ಯಾಂಕಿನ ದೆಹಲಿಯ ಮುಖ್ಯ ಶಾಖೆಯ ಖಾತೆಯಲ್ಲೇ ಪಡೆಯಬೇಕು, ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆದ್ದರಿಂದ ಪರಿಹಾರದ ಕೆಲಸವನ್ನು ತಾನೇ ಮಾಡುವ ನೋಂದಾಯಿತ ಸಂಸ್ಥೆಗೆ ಅವರು ನೇರವಾಗಿ ಕೊಡಲಿ. ಪಿಎಂ ಕೇರ್ಸ್ ನಿಧಿಗೂ ವಿದೇಶಿ ದೇಣಿಗೆಗೆಂದೇ ಪ್ರತ್ಯೇಕ ಖಾತೆಯಿದೆ.

ಪ್ರಶ್ನೆ: ಪರಿಹಾರ ನಿಧಿಗೆ ಕೊಟ್ಟ ಹಣಕ್ಕೆ ತೆರಿಗೆ ವಿನಾಯಿತಿ ಸಿಗುವುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಸಿಗುತ್ತದೆ. ಪ್ರಧಾನಿ ಮತ್ತು ಮುಖ್ಯಮಂತ್ರಿಗಳ ಪರಿಹಾರ ನಿಧಿಗಳಿಗೆ ಕೊಟ್ಟ ಪೂರ್ತಿ ಮೊತ್ತವನ್ನು, ರೂಢಿಯಲ್ಲಿ 80ಜಿ ಎನ್ನುವ ವಿನಾಯಿತಿಯಡಿ, ಆದಾಯದಿಂದ ಕಳೆಯಬಹುದು. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ಸಿಗದು. ಅಕ್ಕಿ, ಕಂಬಳಿಗಳಿಗೂ ಸಿಗದು. ಖಾತೆಯ ವಿವರವನ್ನು ಯಾರೋ ಕಳುಹಿಸಿದ ವಾಟ್ಸ್ಆ್ಯಪ್ ಸಂದೇಶದಿಂದ ತೆಗೆದುಕೊಳ್ಳದೆ ಸರ್ಕಾರದ ಜಾಲತಾಣದಲ್ಲೇ ನೋಡಿ ಬರೆದುಕೊಳ್ಳಿ. 2020ರಲ್ಲಿ ಪಿಎಂ ಕೇರ್ಸ್ ನಿಧಿ ಆರಂಭವಾದ ಕೆಲವೇ ದಿನಗಳಲ್ಲಿ ವಂಚಕರು ಅದರ ಯುಪಿಐ ವಿಳಾಸದಿಂದ ‘ಎಸ್’ ಎಂಬ ಒಂದೇ ಅಕ್ಷರ ಕೈಬಿಟ್ಟು ನಕಲಿ ವಿಳಾಸ ಸೃಷ್ಟಿಸಿದ್ದರು.